ಕೈಗೆ ಸಿಕ್ಕಿದ್ದೆಲ್ಲ ರ‍್ಯಾಂಡಮ್ ಅಲ್ಲ

ಕ್ಷೇಮ, ಶಿರಸಿ

ಚಿ. ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕಾಲೇಜಿಗೆ ಒಪ್ಪಿಸುವ ಮೊದಲು ನೋಡಿಕೊಡಬೇಕೆಂದು ನೀನು ಕಾರವಾರದಿಂದ ಕಳುಹಿಸಿದ ಅಡಿಕೆ ಕೊಳೆರೋಗದ ವರದಿಯನ್ನು ಎರಡು ಬಾರಿ ಓದಿದೆ. ಭಾಷೆ ತಿಳಿಯಾಗಿದೆ, ಪಟ್ಟಿಗಳೂ ಅಚ್ಚುಕಟ್ಟಾಗಿವೆ. ಆದರೆ ‘ತೋಟದ 20 ಮರಗಳನ್ನು ರ‍್ಯಾಂಡಮ್ ಆಗಿ ಆರಿಸಲಾಯಿತು’ ಎಂಬ ವಾಕ್ಯವನ್ನು ನಾನು ಒಪ್ಪಲಾರೆ, ಏಕೆಂದರೆ ಆ ದಿನ ನಾನೂ ಜೊತೆಯಲ್ಲಿದ್ದೆ. ಮೇಲಿನ ದಾರಿ ಜಾರುತ್ತದೆಂದು ನೀನು ಹಳ್ಳದ ಬದಿಯನ್ನು ಬಿಟ್ಟು ಹತ್ತಲೇ ಇಲ್ಲ. ತೇವ ಹೆಚ್ಚಿದ್ದಲ್ಲಿ ಕೊಳೆ ಹೆಚ್ಚೆಂಬುದು ಮರ ಹತ್ತಿ ಅಡಿಕೆ ಕೊಯ್ಯುವ ನಮ್ಮ ಕೊನೆಗೌಡನಿಗೂ ಗೊತ್ತಿರುವ ಸಂಗತಿ.

ಇದರಲ್ಲಿ ತಪ್ಪು ನಿನ್ನದಷ್ಟೇ ಅಲ್ಲ, ಆ ಪದದ್ದೂ ಸ್ವಲ್ಪ ಇದೆ. ರ‍್ಯಾಂಡಮ್ ಹುಟ್ಟಿದ್ದು ಹಳೆಯ ಫ್ರೆಂಚಿನ ‘ರಾಂದೋನ್’ ಎಂಬ ಮಾತಿನಿಂದ. ನುಗ್ಗುವ ರಭಸ ಎಂದು ಅದರ ಅರ್ಥ. ಲಗಾಮು ಕಿತ್ತುಕೊಂಡ ಕುದುರೆ ಎತ್ತ ಓಡೀತೆಂದು ಹೇಳಲಾಗದಂತೆ, ಇಂಗ್ಲಿಷಿನಲ್ಲಿ ಅದು ಕ್ರಮೇಣ ಗೊತ್ತುಗುರಿಯಿಲ್ಲದ್ದು ಎಂಬ ಅರ್ಥಕ್ಕೆ ಬಂತು. ಸಂಖ್ಯಾಶಾಸ್ತ್ರದವರು ಅದೇ ಪದಕ್ಕೆ ಮತ್ತೆ ಲಗಾಮು ಹಾಕಿದರು. ಅವರ ಸರಳ ರ‍್ಯಾಂಡಮ್ ಆಯ್ಕೆಯಲ್ಲಿ ಪ್ರತಿಯೊಂದು ಮರಕ್ಕೂ ಆಯ್ಕೆಯಾಗುವ ಅವಕಾಶ ಸಮನಾಗಿರಬೇಕು, ಆರಿಸುವವನ ಕಣ್ಣಿಗೂ ಕಾಲಿಗೂ ಅದರಲ್ಲಿ ಮಾತಿರಬಾರದು. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್, ಯಾವ ಗೊಬ್ಬರ ಯಾವ ತಾಕಿಗೆ ಹೋಗಬೇಕೆಂಬುದನ್ನು ಸಂಶೋಧಕ ತನ್ನ ಮನಸ್ಸಿಗೆ ಬಂದಂತೆ ನಿರ್ಧರಿಸದೆ ಚೀಟಿ ಎತ್ತಿದಂತೆ ನಿರ್ಧರಿಸಬೇಕೆಂದು ವಾದಿಸಿದ್ದು ಇದೇ ಕಾರಣಕ್ಕೆ.

ಕೈಗೆ ಸಿಕ್ಕಿದ್ದನ್ನು ಆರಿಸಿದ ನಿನ್ನ ಕೆಲಸಕ್ಕೆ ಇಂಗ್ಲಿಷಿನಲ್ಲೇ ಬೇರೆ ಪದವಿದೆ: ಹ್ಯಾಪ್‌ಹ್ಯಾಜರ್ಡ್. ಅದರ ಮೊದಲರ್ಧ ಅದೃಷ್ಟವೆಂಬ ಅರ್ಥದ, ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ಮಾತು, ಹ್ಯಾಪಿ ಎಂಬುದೂ ಅದರದೇ ಕುಡಿ. ಉಳಿದರ್ಧವಾದ ಹ್ಯಾಜರ್ಡ್ ಮೊದಲಿಗೆ ದಾಳದ ಜೂಜಿನ ಹೆಸರಾಗಿದ್ದು, ಅಪಾಯವೆಂಬ ಅರ್ಥವನ್ನು ಆಮೇಲೆ ಪಡೆಯಿತು. ಜೂಜಿಗೆ ಕುಳಿತವರ ಗತಿಯನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಮುನ್ನುಡಿಯಲ್ಲಿ ನೀನು ಚಾನ್ಸ್ ಎಂಬುದನ್ನು ‘ಆಕಸ್ಮಿಕ’ ಎಂದು ಕನ್ನಡಿಸಿರುವುದೂ ಸರಿಬೀಳದು. ಚಾನ್ಸ್‌ನ ಬೇರು ಬೀಳುವುದು ಎಂಬ ಅರ್ಥದ ಲ್ಯಾಟಿನ್ ಧಾತು. ದಾಳ ಹೇಗೆ ಬಿತ್ತೋ ಹಾಗೆ. ಆಕ್ಸಿಡೆಂಟ್ ಕೂಡ ಆ ಬೇರಿನದೇ. ಆದರೆ ನಮ್ಮ ‘ಅಕಸ್ಮಾತ್’ ಎಂಬುದನ್ನು ಬಿಡಿಸಿದರೆ ‘ಯಾವುದರಿಂದಲೂ ಅಲ್ಲದೆ’, ಅಂದರೆ ಕಾರಣವಿಲ್ಲದೆ ಎಂದಾಗುತ್ತದೆ. ಬೀಳುವುದಕ್ಕೆ ಕಾರಣವಿಲ್ಲವೆಂದು ಅಡಿಕೆ ಬೆಳೆಗಾರರ ಮನೆಯವನು ಬರೆಯಬಹುದೇ? ಹಿಂದಿನವರು ಹಣೆಬರಹ ಎಂದುಕೊಂಡಿದ್ದ ಉದುರು ಕಾಯಿಗೆ ಫೈಟಾಫ್ತೊರ ಎಂಬ ರೋಗಾಣು ಕಾರಣವೆಂದು ತಿಳಿದದ್ದರಿಂದಲೇ ತಾನೇ ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸುತ್ತಿದ್ದೇವೆ.

ಪಠ್ಯಪುಸ್ತಕದವರು ರ‍್ಯಾಂಡಮ್‌ಗೆ ಬಳಸುವ ‘ಯಾದೃಚ್ಛಿಕ’ ಎಂಬ ಪದವನ್ನು ನೀನು ಬಳಸಬಹುದು, ಆದರೆ ಎಚ್ಚರವಿರಲಿ. ಯದೃಚ್ಛೆ ಎಂದರೆ ತಾನಾಗಿ ಒದಗಿಬಂದದ್ದು. ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಬರುವ ‘ಯದೃಚ್ಛಾಲಾಭಸಂತುಷ್ಟ’ನಂತೆ ಒದಗಿದ್ದರಲ್ಲಿ ತೃಪ್ತನಾಗುವುದು ಯೋಗಿಗೆ ಭೂಷಣ, ಸಮೀಕ್ಷೆಗೆ ಹೊರಟವನಿಗಲ್ಲ. ಸಂಭವವನ್ನು ಅವಲಂಬಿಸಿದ್ದು ಎಂಬ ಅರ್ಥದಲ್ಲಿ ನೀವು ಬಳಸುವ ಸ್ಟೋಕಾಸ್ಟಿಕ್ ಎಂಬ ದೊಡ್ಡ ಪದದ ಗ್ರೀಕ್ ಮೂಲವಂತೂ ಬಿಲ್ಲುಗಾರನ ಗುರಿ. ಗುರಿಯಿಟ್ಟು ಊಹಿಸುವುದು ಎಂದು ಅದರ ಭಾವ.

ವರದಿ ಒಪ್ಪಿಸಲು ಇನ್ನೂ ದಿನಗಳಿವೆಯಲ್ಲ, ಮುಂದಿನ ರಜೆಗೆ ಬಂದುಬಿಡು. ಅಷ್ಟರೊಳಗೆ ಸಾಲುಸಾಲಾಗಿ ಮರಗಳಿಗೆ ಸುಣ್ಣದಲ್ಲಿ ಸಂಖ್ಯೆ ಬರೆಸಿಡುತ್ತೇನೆ. ಚೀಟಿ ಎತ್ತುವ ಕೆಲಸ ನಿನ್ನ ಅತ್ತೆಯದು, ಅವಳಿಗೆ ಯಾವ ಮರದ ಮೇಲೂ ಪಕ್ಷಪಾತವಿಲ್ಲ. ಮೇಲಿನ ತುದಿಯ ಮರಗಳೇ ಬಂದರೆ ಜಾರುವ ದಾರಿಗೆ ನನ್ನ ಊರುಗೋಲು ಕೊಡುತ್ತೇನೆ.

ಇಂತಿ ನಿನ್ನ ಮಾವ