ಸಕ್ಕರೆಗೆ ಹೋದ ಸಿಂಹಾಸನ

ಹೊನೊಲುಲು

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವನಿಗೆ ಶಿರಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾನು ಆರಾಮ. ಮೊನ್ನೆ ಫೋನಿನಲ್ಲಿ ಅಪ್ಪ, ‘ಅಮೆರಿಕದವರೂ ನಮ್ಮ ಹಾಗೆ ಇಂಗ್ಲಿಷರನ್ನು ಓಡಿಸಿದವರು, ಮತ್ತೊಬ್ಬರ ನೆಲ ನುಂಗಿದವರಲ್ಲ’ ಅಂದಿರಿ. ನಿಮ್ಮ ಜೊತೆ ಬಾಯಿಮಾತಿನಲ್ಲಿ ವಾದ ಹೂಡಿ ಗೆದ್ದವರಿಲ್ಲ, ಅದಕ್ಕೇ ಈ ಕಾಗದ. ನಾನು ಕೂತು ಬರೆಯುತ್ತಿರುವ ಈ ಹವಾಯಿಯ ನೆಲವೇ ಹಾಗೆ ನುಂಗಿದ್ದು. ಅದರ ಹಿಂದೆ ಇದ್ದದ್ದು ಕಬ್ಬು. ನಲವತ್ತು ವರ್ಷ ಕಬ್ಬು ಬೆಳೆದ ನಿಮಗೆ ಇದು ಬೇರೆಯವರಿಗಿಂತ ಬೇಗ ತಿಳಿದೀತು.

ಹವಾಯಿ ಆಗ ಸ್ವತಂತ್ರ ರಾಜ್ಯ. ಅದಕ್ಕೆ ತನ್ನದೇ ದೊರೆ, ತನ್ನದೇ ಸಂವಿಧಾನ ಇತ್ತು. ಇಲ್ಲಿನ ದೊರೆ ಕಲಾಕೌವಾ 1881ರಲ್ಲಿ ಜಗತ್ತು ಸುತ್ತಿದಾಗ ಕಲ್ಕತ್ತಾ, ಮುಂಬಯಿಗಳನ್ನೂ ನೋಡಿ ಹೋದ. ಆದರೆ ಕಬ್ಬಿನ ತೋಟಗಳು ಬಹುಪಾಲು ಅಮೆರಿಕ ಮೂಲದವರ ಕೈಯಲ್ಲಿದ್ದವು. ಅವರಲ್ಲಿ ಹಲವರು ಧರ್ಮ ಬೋಧಿಸಲು ಬಂದ ಪಾದ್ರಿಗಳ ಮಕ್ಕಳು, ಮೊಮ್ಮಕ್ಕಳು. 1875ರ ಒಪ್ಪಂದದಿಂದ ಇಲ್ಲಿನ ಸಕ್ಕರೆ ಸುಂಕವಿಲ್ಲದೆ ಅಮೆರಿಕಕ್ಕೆ ಹೋಗತೊಡಗಿತು. 1887ರಲ್ಲಿ ಆ ಒಪ್ಪಂದ ಮುಂದುವರಿಯಬೇಕಾದರೆ ಪರ್ಲ್ ಹಾರ್ಬರನ್ನು ಅಮೆರಿಕದ ನೌಕಾಪಡೆಗೆ ಬಿಡಬೇಕಾಯಿತು. ಅದೇ ವರ್ಷ ಬಂದೂಕಿನ ಬೆದರಿಕೆಯಲ್ಲಿ ದೊರೆಯಿಂದ ಹೊಸ ಸಂವಿಧಾನಕ್ಕೆ ಸಹಿ ಹಾಕಿಸಿಕೊಂಡರು. ಅದರ ಪ್ರಕಾರ ಆಸ್ತಿ, ಆದಾಯ ಇಲ್ಲದ ಮೂಲನಿವಾಸಿಗಳಿಗೆ ಮೇಲ್ಮನೆಯ ಮತ ಇಲ್ಲ. ಏಷ್ಯಾದಿಂದ ಬಂದವರಿಗಂತೂ ಯಾವ ಮತವೂ ಇಲ್ಲ.

ಮುಂದಿನದು ಬರೀ ದರದ ಕತೆ. 1890ರಲ್ಲಿ ಅಮೆರಿಕ ಎಲ್ಲ ದೇಶಗಳ ಕಚ್ಚಾ ಸಕ್ಕರೆಯ ಸುಂಕವನ್ನೂ ತೆಗೆದುಹಾಕಿ, ತನ್ನ ಗಡಿಯೊಳಗಿನ ಉತ್ಪಾದಕರಿಗೆ ಪೌಂಡಿಗೆ 2 ಸೆಂಟ್ ಪ್ರೋತ್ಸಾಹಧನ ಕೊಟ್ಟಿತು. ಹವಾಯಿಗಿದ್ದ ವಿಶೇಷ ಲಾಭ ಒಂದೇ ಏಟಿಗೆ ಹೋಯಿತು. ಆ 2 ಸೆಂಟ್ ಸಿಗಬೇಕಾದರೆ ಹವಾಯಿಯೇ ಅಮೆರಿಕದ ಒಳಗಿರಬೇಕು! ಎಲ್ಲ ತೋಟದವರೂ ಇದನ್ನು ಬಯಸಿದರೆಂದಲ್ಲ. ಅಮೆರಿಕದ ಕಾನೂನು ಬಂದರೆ ಕರಾರಿನ ಮೇಲೆ ತಂದ ಕೂಲಿಗಳು ಕೈತಪ್ಪಿ ಹೋಗುತ್ತಾರೆಂದು ಹೆದರಿದವರೂ ಇದ್ದರು. ಕೂಲಿಯಾಳಿನ ಚಿಂತೆ ಆಗಲೂ ಇತ್ತು ನೋಡಿ.

ಕಲಾಕೌವಾನ ನಂತರ ತಂಗಿ ಲಿಲಿಯುಕಲಾನಿ ಪಟ್ಟಕ್ಕೆ ಬಂದಳು. ಕಳೆದುಹೋದ ಅಧಿಕಾರ ಮರಳಿ ಪಡೆಯಲು ಹೊಸ ಸಂವಿಧಾನ ತರಲು ಹೊರಟದ್ದೇ ತಡ, ಅವಳನ್ನು ಇಳಿಸಲು 13 ಜನರ ಒಂದು ಸಮಿತಿ ಎದ್ದಿತು. 1893ರ ಜನವರಿ 16ರಂದು ಅಮೆರಿಕದ ‘ಬೋಸ್ಟನ್’ ಯುದ್ಧನೌಕೆಯಿಂದ 160ಕ್ಕೂ ಹೆಚ್ಚು ಸೈನಿಕರು ಇಳಿದರು. ಹೇಳಿದ ನೆಪ ಅಮೆರಿಕನ್ನರ ಪ್ರಾಣ, ಆಸ್ತಿಗಳ ರಕ್ಷಣೆ. ಬೀಡುಬಿಟ್ಟದ್ದು ಅರಮನೆಯ ಹತ್ತಿರ. ಮರುದಿನ ರಾಣಿ ಅಧಿಕಾರ ಬಿಟ್ಟಳು. ಆದರೆ ಪತ್ರದಲ್ಲಿ, ತಾನು ಬಿಟ್ಟುಕೊಡುತ್ತಿರುವುದು ಈ ಸಮಿತಿಗಲ್ಲ, ಅಮೆರಿಕದ ಸೇನಾಬಲಕ್ಕೆ, ಅದೂ ಅಲ್ಲಿನ ಸರ್ಕಾರ ಸತ್ಯ ತಿಳಿದು ತನ್ನನ್ನು ಮರಳಿ ಕೂರಿಸುವ ತನಕ ಎಂದು ಬರೆದಳು. ಜಾಣೆ. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ತನಿಖೆ ಮಾಡಿಸಿ, ನಡೆದದ್ದು ಅನ್ಯಾಯ ಎಂದು ಒಪ್ಪಿದ. ಹೊಸ ಸರ್ಕಾರದ ಮುಖ್ಯಸ್ಥ ಸ್ಯಾನ್‌ಫರ್ಡ್ ಡೋಲ್ ಜಗ್ಗಲಿಲ್ಲ. ಅಂಗಡಿಯಲ್ಲಿ ಅನಾನಸ್ ಡಬ್ಬಿಯ ಮೇಲೆ ಕಾಣುವ ಹೆಸರು ಅವನ ಸಂಬಂಧಿಕನದು.

ಇನ್ನು ಅವ್ವನಿಗೆ. ಹೋದ ವಾರ ಇಯೊಲಾನಿ ಅರಮನೆಗೆ ಹೋಗಿದ್ದೆ. ನೆಲ ಸವೆಯಬಾರದೆಂದು ಬೂಟಿನ ಮೇಲೆ ಬಟ್ಟೆಯ ಚೀಲ ತೊಡಿಸಿ ಒಳಗೆ ಬಿಡುತ್ತಾರೆ. 1895ರಲ್ಲಿ ರಾಣಿಯ ಕಡೆಯವರ ದಂಗೆ ಸೋತಾಗ, ಅವಳದೇ ದರ್ಬಾರು ಕೋಣೆಯಲ್ಲಿ ವಿಚಾರಣೆ ನಡೆಸಿ, ಮೇಲಂತಸ್ತಿನ ಕೋಣೆಯಲ್ಲಿ ಕೂಡಿಹಾಕಿದರು. ಸುಮಾರು ಎಂಟು ತಿಂಗಳು. ಆ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅವಳ ಕೌದಿ ಇದೆ ಅವ್ವ! ನಿನ್ನ ಹಾಗೆ ಹಳೆ ಸೀರೆ, ಧೋತರದ್ದಲ್ಲ. ರೇಷ್ಮೆ, ಮಕಮಲ್ಲಿನ ತುಂಡುಗಳು. ಒಂದರ ಆಕಾರ ಇನ್ನೊಂದಕ್ಕಿಲ್ಲ. ಅವುಗಳ ಮೇಲೆ ರಾಜ್ಯದ ಬಾವುಟ, ತನ್ನವರ ಹೆಸರು, ತಾರೀಖು. ಸೆರೆಯಲ್ಲಿದ್ದಾಗ ಈ ಕೌದಿ ಶುರು ಮಾಡಿದೆವು ಎಂಬುದನ್ನೂ ದಾರದಲ್ಲೇ ಹೊಲಿದಿದ್ದಾರೆ. ಅಂಚಿನ ಕೆಲವು ಹೊಲಿಗೆ ಥೇಟ್ ನಿನ್ನ ಕೈಯವೇ. ಬೈಲಹೊಂಗಲದಲ್ಲಿ ಚೆನ್ನಮ್ಮ ಸೆರೆಯಲ್ಲೇ 1829ರಲ್ಲಿ ತೀರಿಕೊಂಡದ್ದು ನೆನಪಾಯಿತು. ಅವಳು ಕತ್ತಿ ಹಿಡಿದಳು, ಇವಳು ಲೇಖನಿ. ಇವಳು 1917ರ ತನಕ ಬದುಕಿದಳು, ಪಟ್ಟ ಮಾತ್ರ ಮರಳಲಿಲ್ಲ.

ನನಗೆ ಅರಮನೆಗಿಂತ ದೊಡ್ಡದಾಗಿ ಕಂಡದ್ದು ಒಂದು ಅರ್ಜಿ. ಕ್ಲೀವ್‌ಲ್ಯಾಂಡ್ ಹೋಗಿ ಮೆಕಿನ್ಲೆ ಬಂದ ಮೇಲೆ, 1897ರಲ್ಲಿ ವಿಲೀನದ ಒಪ್ಪಂದ ಸಿದ್ಧವಾಯಿತು. ಇಲ್ಲಿನ ಗಂಡಸರು, ಹೆಂಗಸರು ದ್ವೀಪ ದ್ವೀಪ ತಿರುಗಿ 21,000ಕ್ಕೂ ಹೆಚ್ಚು ಸಹಿ ಕೂಡಿಸಿದರು. ಆಗ ಮೂಲನಿವಾಸಿಗಳೆಲ್ಲ ಸೇರಿ ಇದ್ದದ್ದೇ ಹೆಚ್ಚುಕಡಿಮೆ 40,000. ನಾಲ್ವರು ಅದನ್ನು ವಾಷಿಂಗ್ಟನ್ನಿಗೆ ಒಯ್ದರು. ಸೆನೆಟ್‌ನಲ್ಲಿ ಮೂರನೇ ಎರಡು ಬಹುಮತ ಸಿಗಲಿಲ್ಲ, ಒಪ್ಪಂದ ಬಿತ್ತು. ಅಲ್ಲಿಗೆ ಗೆದ್ದರು ಅಂದುಕೊಳ್ಳಬೇಕು.

ಅಷ್ಟರಲ್ಲಿ 1898ರಲ್ಲಿ ಸ್ಪೇನ್ ಜೊತೆ ಯುದ್ಧ ಬಂತು. ಸ್ಪೇನಿನ ಕೈಯಲ್ಲಿದ್ದ ಫಿಲಿಪ್ಪೀನ್ಸಿನ ಮನಿಲಾಕ್ಕೆ ಹೋಗುವ ಹಡಗುಗಳಿಗೆ ನಡುದಾರಿಯಲ್ಲಿ ಕಲ್ಲಿದ್ದಲು ತುಂಬಿಸುವ ತಾಣ ಬೇಕು. ಒಪ್ಪಂದ ಬೇಡ, ಎರಡೂ ಸದನಗಳ ಜಂಟಿ ನಿರ್ಣಯ ಸಾಕು, ಅದಕ್ಕೆ ಸಾಧಾರಣ ಬಹುಮತ ಸಾಕು ಎಂದರು. ಜುಲೈ 7ಕ್ಕೆ ಮೆಕಿನ್ಲೆ ಸಹಿ ಬಿತ್ತು. ಬಂದೂಕಿಗಿಂತ ಈ ಕಾಗದದ ಕಸರತ್ತೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಅದೇ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಸ್ಪೇನ್ ಜೊತೆ ಆದ ಒಪ್ಪಂದದಿಂದ ಪೋರ್ಟೊ ರಿಕೊ, ಗುವಾಮ್ ದ್ವೀಪಗಳು ಅಮೆರಿಕದ ಕೈಗೆ ಬಂದವು. 2 ಕೋಟಿ ಡಾಲರ್ ಕೊಟ್ಟು ಫಿಲಿಪ್ಪೀನ್ಸನ್ನೂ ಪಡೆದರು. ಅಲ್ಲಿನವರು ಜೂನ್‌ನಲ್ಲೇ ಸ್ವಾತಂತ್ರ್ಯ ಸಾರಿದ್ದರು. ಮಾತುಕತೆಗೆ ಅವರನ್ನು ಕೂರಿಸಲೇ ಇಲ್ಲ. 1899ರಿಂದ ಅವರ ಮೇಲೆ ನಡೆದ ಯುದ್ಧದ್ದೇ ಬೇರೆ ಕಾಗದ ಬೇಕು.

ಇಲ್ಲಿ ಈಗ ಸಕ್ಕರೆ ಕಾರ್ಖಾನೆ ಇಲ್ಲ, ಅಪ್ಪ. ಮಾವಿ ದ್ವೀಪದಲ್ಲಿದ್ದ ಕಡೆಯದು 2016ರಲ್ಲಿ ಮುಚ್ಚಿತು. 1993ರಲ್ಲಿ ಅಮೆರಿಕದ ಸಂಸತ್ತು ಈ ಎಲ್ಲಕ್ಕೂ ಕ್ಷಮೆ ಕೇಳಿ ನಿರ್ಣಯ ಮಾಡಿತು. ಕಡೆಗೊಂದು ಸಾಲು ಸೇರಿಸಿದ್ದಾರೆ: ಇದರಿಂದ ಯಾರ ಹಕ್ಕಿನ ತಗಾದೆಯೂ ಇತ್ಯರ್ಥವಾದಂತೆ ಅಲ್ಲ.

ಕಬ್ಬಿನ ಹಿಂದಿನ ಬಾಕಿ ಬಂತೇ? ತಮ್ಮನಿಗೆ ಪರೀಕ್ಷೆ ಯಾವಾಗ? ಅವ್ವನ ಮೊಣಕಾಲಿಗೆ ಡಾಕ್ಟರರು ಕೊಟ್ಟ ಗುಳಿಗೆ ತಪ್ಪಿಸಬೇಡಿ.

ಇಂತಿ ನಿಮ್ಮ ಮಗ