ಸಿಬ್ಬಂದಿಯ ಅಹವಾಲಿಗೂ ಕಿವಿಗೊಡಲಿ

ರಾಜ್ಯದ ವಿಶ್ವವಿದ್ಯಾಲಯಗಳು ಪ್ರವೇಶಾತಿ ವೇಳೆ ಪ್ರಚಾರಕ್ಕೆ ತೋರುವ ಆಸ್ಥೆಯನ್ನು ತಮ್ಮದೇ ಸಿಬ್ಬಂದಿಯ ಜೊತೆಗಿನ ಸಂಬಂಧದಲ್ಲಿ ತೋರುತ್ತಿಲ್ಲ. ಮಕ್ಕಳನ್ನು ಸೇರಿಸುವ ಮುನ್ನ ಪೋಷಕರು ವಿಚಾರಿಸುವುದು ಅಲ್ಲಿ ದುಡಿಯುವ ಪರಿಚಯಸ್ಥರನ್ನು. ಗೌರವಧನಕ್ಕಾಗಿ ತಿಂಗಳುಗಟ್ಟಲೆ ಕಾಯುವ ಅತಿಥಿ ಉಪನ್ಯಾಸಕರು ಅವರಿಗೆ ಏನೆಂದು ಹೇಳಿಯಾರು?

ನಾನು ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗದಲ್ಲಿ ದುಡಿದವನು. ನಮ್ಮ ಬಡ್ತಿಯ ಕಡತ ಎರಡು ವರ್ಷ ಮೇಜಿನಿಂದ ಕದಲಲಿಲ್ಲ. ಕೇಳಿದರೆ ಉತ್ತರವೂ ಇರಲಿಲ್ಲ. ಆ ದಿನಗಳಲ್ಲಿ ಸಂಸ್ಥೆಯ ಬಗ್ಗೆ ನಮ್ಮಲ್ಲಿ ಯಾರೂ ಒಳ್ಳೆಯ ಮಾತಾಡಲಿಲ್ಲ. ಬಳಿಕ ಬಂದ ಕುಲಸಚಿವರು ಎಲ್ಲರನ್ನೂ ಕೂರಿಸಿಕೊಂಡು, ಯಾವ ಆಕ್ಷೇಪಣೆಯಿಂದ ಕಡತ ನಿಂತಿದೆ ಎಂದು ಬಿಡಿಸಿ ಹೇಳಿದರು. ಬಡ್ತಿ ಸಿಕ್ಕಿದ್ದು ಮತ್ತೆ ಎಂಟು ತಿಂಗಳ ನಂತರ. ಆದರೆ ನಮ್ಮ ಮಾತಿನ ಧಾಟಿ ಬದಲಾದದ್ದು ಆ ವಾರವೇ. ಸುತ್ತೋಲೆ ಹೊರಡಿಸಿ ಬಾಯಿ ಮುಚ್ಚಿಸಲು ನೋಡುವ ಆಡಳಿತಗಳಿಗೆ ಇದು ತಿಳಿಯಬೇಕು.

ವಿದ್ಯಾರ್ಥಿಗಳ ಕುಂದುಕೊರತೆ ಆಲಿಸಲು ಪ್ರತಿ ವಿಶ್ವವಿದ್ಯಾಲಯವೂ ಓಂಬುಡ್ಸ್‌ಪರ್ಸನ್‌ (ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ನೇಮಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2023ರ ನಿಯಮಾವಳಿಯಲ್ಲಿ ಹೇಳಿದೆ. ಬೋಧಕ, ಬೋಧಕೇತರ ಹಾಗೂ ಹೊರಗುತ್ತಿಗೆ ನೌಕರರಿಗೂ ಅಂಥದೇ ಸ್ವತಂತ್ರ ವ್ಯವಸ್ಥೆಯನ್ನು ಉನ್ನತ ಶಿಕ್ಷಣ ಇಲಾಖೆ ರೂಪಿಸಲಿ. ಕುಲಪತಿ ಮತ್ತು ಕುಲಸಚಿವರು ತಿಂಗಳಿಗೊಮ್ಮೆ ಸಿಬ್ಬಂದಿ ಅದಾಲತ್‌ ನಡೆಸಿ, ಬಾಕಿ ಕಡತಗಳ ಸ್ಥಿತಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸಲಿ.

– ನಿವೃತ್ತ ಕಚೇರಿ ಅಧೀಕ್ಷಕ, ಬೆಂಗಳೂರು