ಹೋದ ವರ್ಷ ನಾನು ಬಂದಿದ್ದೆನಾ?

ಮ್ಯೂನಿಕ್, ಭಾನುವಾರ

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ನಿನ್ನ ಪತ್ರ ಬುಧವಾರ ಬಂತು. ಒಳಗೆ ಪುಟ್ಟಿಯ ಚೀಟಿಯೂ ಇತ್ತು. ಮೊದಲು ಅವಳ ಚೀಟಿಗೆ ಉತ್ತರ ಬರೆದುಬಿಡುತ್ತೇನೆ, ಯಾಕಂದರೆ ಅದು ಸುಲಭ. ಸುಲಭ ಅಂದುಕೊಂಡಿದ್ದೆ.

ಪುಟ್ಟಿ, ನಿಮ್ಮ ಕಾಲೇಜಿನಲ್ಲಿ ‘ಲಾಸ್ಟ್ ಇಯರ್ ಅಟ್ ಮರಿಯೆನ್‌ಬಾದ್’ ಅನ್ನೋ ಹಳೆಯ ಫ್ರೆಂಚ್ ಸಿನಿಮಾ ತೋರಿಸಿದರು, ಅರ್ಧ ಜನ ನಡುವೆಯೇ ಎದ್ದು ಹೋದರು, ಕೂತವರಿಗೂ ತಲೆಬುಡ ತಿಳಿಯಲಿಲ್ಲ, ಶೂಟಿಂಗ್ ಆಗಿದ್ದು ನೀನಿರುವ ಊರಲ್ಲೇ ಅಂತೆ, ಅರ್ಥ ನೀನೇ ಹೇಳು ಅಂತ ಬರೆದಿದ್ದೀಯ. ಊರಲ್ಲಿದ್ದ ಮಾತ್ರಕ್ಕೆ ಅರ್ಥ ಗೊತ್ತಿರಬೇಕಾ? ಆದರೂ ದೊಡ್ಡವಳು ಅನ್ನೋ ಮಾನ ಉಳಿಯಲಿ ಅಂತ ಲೈಬ್ರರಿಯಿಂದ ಡಿವಿಡಿ ತಂದು ಎರಡು ಸಲ ನೋಡಿದೆ.

ಮೊದಲ ಸಲ ಸಿಟ್ಟು ಬಂತು. ಒಂದು ದೊಡ್ಡ ಹೋಟೆಲ್. ಉದ್ದುದ್ದ ಓಣಿ, ಕನ್ನಡಿ, ಗೊಂಬೆಗಳ ಹಾಗೆ ನಿಂತುಬಿಡುವ ಜನ. ಒಬ್ಬ ಗಂಡಸು ಒಬ್ಬ ಹೆಂಗಸಿಗೆ ಹೇಳುತ್ತಲೇ ಇರುತ್ತಾನೆ: ಹೋದ ವರ್ಷ ನಾವು ಭೇಟಿಯಾಗಿದ್ದೆವು, ಒಂದು ವರ್ಷ ಕಾಯಿ ಅಂತ ನೀನೇ ಹೇಳಿದ್ದೆ, ಈಗ ಬಂದಿದ್ದೇನೆ. ಅವಳು ಇಲ್ಲ ಅನ್ನುತ್ತಾಳೆ. ಅವನು ಬಿಡುವುದಿಲ್ಲ. ಬೇಡ ಅಂದವಳ ಬೆನ್ನು ಹತ್ತುವವನನ್ನು 94 ನಿಮಿಷ ಯಾಕೆ ನೋಡಬೇಕು ಅನ್ನಿಸಿತು. ಅವರಿಬ್ಬರಿಗೂ, ಅವಳ ಗಂಡ ಇರಬಹುದಾದ ಮೂರನೆಯವನಿಗೂ ಹೆಸರೇ ಇಲ್ಲ. ಬರೆದವರು ಅವರನ್ನು ಎಕ್ಸ್, ಎ, ಎಂ ಅಂತ ಅಕ್ಷರಗಳಲ್ಲೇ ಮುಗಿಸಿದ್ದಾರೆ.

ಅದರ ಮೇಲೆ ಚಿತ್ರದ ತುಂಬ ಆರ್ಗನ್ ಸಂಗೀತ. ರಾತ್ರಿ ಹತ್ತು ಕಳೆದರೆ ಇಲ್ಲಿ ಸದ್ದು ಮಾಡುವ ಹಾಗಿಲ್ಲ. ಭಾನುವಾರವಂತೂ ಇಡೀ ದಿನ ಹಾಗೆಯೇ. ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಸಿನಿಮಾದ ಹೆಸರು ಹೇಳಿದೆ. “ಓ, ಅದಾ! ಚಿಕ್ಕವಳಿದ್ದಾಗ ನೋಡಿದ್ದೆ. ಚೆನ್ನಾಗಿ ನಿದ್ದೆ ಬಂದಿತ್ತು” ಅಂದು ಇಳಿದು ಹೋದರು. ನೋಡು, ಇಲ್ಲಿಯವರಿಗೂ ಅಷ್ಟೇ. ನಿಮ್ಮ ಕಾಲೇಜಿನವರು ದಡ್ಡರಲ್ಲ.

ನಿನ್ನೆ ಜಾಗಗಳನ್ನೇ ನೋಡಿಬರೋಣ ಅಂತ ಹೊರಟೆ. ಇಲ್ಲಿ ಮೆಟ್ರೋಗೆ ಗೇಟೇ ಇಲ್ಲ ಗೊತ್ತಾ? ಟಿಕೆಟ್ ತಗೊಂಡು ಸುಮ್ನೆ ಒಳಗೆ ನಡೆಯುವುದು. ಯಾವಾಗಲೋ ಒಮ್ಮೆ ಚೆಕ್ ಮಾಡುವವರು ಬರುತ್ತಾರೆ. ಮೊದಲು ನಿಂಫೆನ್‌ಬುರ್ಗ್ ಅರಮನೆಗೆ ಹೋದೆ. ಚಳಿಗೆ ಕಲ್ಲು ಒಡೆಯಬಾರದು ಅಂತ ತೋಟದ ಅಮೃತಶಿಲೆಯ ಮೂರ್ತಿಗಳಿಗೆಲ್ಲ ಮರದ ಗೂಡು ಹೊದಿಸಿದ್ದಾರೆ. ಸಾಲಾಗಿ ನಿಂತ ಪೆಟ್ಟಿಗೆಗಳು, ಒಳಗೆ ದೇವತೆಗಳು. ಸಿನಿಮಾಕ್ಕಿಂತ ಇದೇ ಜಾಸ್ತಿ ಕನಸಿನ ಹಾಗಿತ್ತು. ಪಕ್ಕದ ಪುಟ್ಟ ಬಂಗಲೆ ಅಮಾಲಿಯೆನ್‌ಬುರ್ಗ್, ಅದರ ಕನ್ನಡಿ ಕೋಣೆಯೂ ಚಿತ್ರದಲ್ಲಿದೆ. ಚಳಿಗಾಲದಲ್ಲಿ ಅದಕ್ಕೆ ಬೀಗ. ಕಿಟಕಿಗೆ ಮೂಗು ಒತ್ತಿ ನಿಂತೆ, ನನ್ನ ಮುಖವೇ ಕಂಡಿತು. ಅಲ್ಲಿಂದ ರೈಲು ಹಿಡಿದು ಊರಾಚೆಯ ಶ್ಲೈಸ್‌ಹೈಮ್ ಅರಮನೆಗೆ ಹೋದೆ.

ಮಜಾ ಏನು ಗೊತ್ತಾ? ಸಿನಿಮಾದಲ್ಲಿ ಇವೆಲ್ಲ ಸೇರಿ ಒಂದೇ ಹೋಟೆಲ್. ಒಂದು ಅರಮನೆಯ ಬಾಗಿಲು ದಾಟಿದರೆ ಇನ್ನೊಂದರ ತೋಟಕ್ಕೆ ಕಾಲಿಡುತ್ತಾರೆ. ಕೆಲವು ಕೋಣೆಗಳಂತೂ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಕಟ್ಟಿದ್ದು. ಹೆಸರಿನಲ್ಲಿರುವ ಮರಿಯೆನ್‌ಬಾದ್ ಅನ್ನೋ ಊರಿನಲ್ಲಿ ಚಿತ್ರ ತೆಗೆದೇ ಇಲ್ಲ. ಅವರಿಬ್ಬರು ನಿಂತು ಅರ್ಥ ಹುಡುಕುವ ಆ ಕಲ್ಲಿನ ಜೋಡಿ, ಜೊತೆಗಿರುವ ನಾಯಿ, ಅದೂ ಚಿತ್ರಕ್ಕಾಗಿಯೇ ಮಾಡಿಸಿದ್ದು. ತೋಟದಲ್ಲಿ ಜನರಿಗೆ ಉದ್ದನೆಯ ನೆರಳು ಇದ್ದು ಗಿಡಗಳಿಗೆ ಇಲ್ಲವೇ ಇಲ್ಲ ಅಂತ ಕೇಳಿದ್ದೆಯಲ್ಲ, ಜನರ ನೆರಳನ್ನು ನೆಲದ ಮೇಲೆ ಬಣ್ಣದಲ್ಲಿ ಬರೆದಿದ್ದರು.

ಅವರು ಭೇಟಿಯಾಗಿದ್ದರೋ ಇಲ್ಲವೋ ಅಂತ ಮಾತ್ರ ಕೇಳಬೇಡ. ನಿರ್ದೇಶಕ ಅಲೇನ್ ರೆನೇ ಒಂದು ಹೇಳಿದರು, ಬರೆದ ರಾಬ್-ಗ್ರಿಯೆ ಇನ್ನೊಂದು ಹೇಳಿದರು. ಹೆತ್ತವರಿಬ್ಬರಿಗೇ ಒಮ್ಮತ ಇಲ್ಲ. ಅದೇ ಚಿತ್ರಕ್ಕೆ 1961ರಲ್ಲಿ ವೆನಿಸ್ ಚಿತ್ರೋತ್ಸವದ ಮೊದಲ ಬಹುಮಾನ, ಚಿನ್ನದ ಸಿಂಹ ಕೊಟ್ಟರು!

ಇನ್ನು ಅಮ್ಮ, ನಿನ್ನ ಪತ್ರ. ಇಷ್ಟು ಹೊತ್ತು ಸಿನಿಮಾ ಬರೆದದ್ದು ಯಾಕೆ ಅಂತ ನಿನಗೆ ಗೊತ್ತಾಗಿರುತ್ತೆ.

ಹೋದ ವರ್ಷ ನಾನು ಬಂದಿದ್ದೆ ಅಂತ ಅಪ್ಪ ಎಲ್ಲರ ಹತ್ತಿರವೂ ಹೇಳುತ್ತಿದ್ದಾರೆ ಅಂತ ಬರೆದಿದ್ದೀಯ. ನಾಲ್ಕು ದಿನ ಇದ್ದಳಂತೆ, ರೇಡಿಯೋ ಬಿಚ್ಚಿ ಸರಿ ಮಾಡಿದಳಂತೆ, ಮಳೆಯಲ್ಲಿ ಹಸಿರು ಕೊಡೆ ಹಿಡಿದು ಬಸ್ ಹತ್ತಿದಳಂತೆ, ಒಂದು ವರ್ಷ ಕಾಯಿ ಅಪ್ಪ ಅಂದಳಂತೆ. ಇಲ್ಲ ಅಂದರೆ ನಿನ್ನ ಮೇಲೆ ರೇಗುತ್ತಾರೆ. ಚಿಕ್ಕಪ್ಪ ನಕ್ಕಿದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಓದಿ ನಾನೇನು ಮಾಡಿದೆ ಗೊತ್ತಾ? ಪಾಸ್‌ಪೋರ್ಟ್ ತೆಗೆದು ಸೀಲ್ ನೋಡಿದೆ. ನಾನು ಬಂದು ಹೋಗಿ ಮೂರು ವರ್ಷ ಆಗಿದೆ, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ತೆಗೆದು ನೋಡಿದೆ. ಆಮೇಲೆ ಆ ಡಿವಿಡಿಯನ್ನು ಎರಡನೇ ಸಲ ಹಾಕಿದೆ. ಆ ಗಂಡಸಿನ ಮೇಲೆ ಈ ಸಲ ಸಿಟ್ಟು ಬರಲಿಲ್ಲ. ಹೌದು ಅಂತ ಅವಳು ಒಂದು ಸಲ ಹೇಳಿಬಿಡಬಾರದಾ ಅನ್ನಿಸಿತು.

ಅಪ್ಪ ಹೇಳುವುದರಲ್ಲಿ ಒಂದೊಂದೂ ನಡೆದದ್ದೇ ಅಮ್ಮ. ರೇಡಿಯೋ ಸರಿ ಮಾಡಿದ್ದು ನಾನೇ, ಕಾಲೇಜಿನಲ್ಲಿದ್ದಾಗ. ಹಸಿರು ಕೊಡೆ ಅಕ್ಕನದು, ಅವಳು ಮೊದಲ ಸಲ ಕೆಲಸಕ್ಕೆ ಹೊರಟ ದಿನದ್ದು. ನಾಲ್ಕು ದಿನ ಇದ್ದು ಹೋದವಳು ಅತ್ತೆ ಇರಬೇಕು. ಎಲ್ಲೆಲ್ಲಿಯದೋ ತಂದು ಒಂದೇ ಮನೆಯಲ್ಲಿ ಕೂರಿಸಿದ್ದಾರೆ. ಒಂದು ವರ್ಷ ಕಾಯಿ ಅಂದದ್ದು ಮಾತ್ರ ಹೋದ ವರ್ಷದ್ದೇ. ಫೋನಿನಲ್ಲಿ ಅಂದಿದ್ದೆ. ಅಪ್ಪನಿಗೆ ಕೇಳಿಸಿರಲಾರದು ಅಂದುಕೊಂಡಿದ್ದೆ.

ಗಾಬರಿ ಆಗುವಂಥದ್ದು ಏನೂ ಇಲ್ಲ. ನಿಜವಾಗಿಯೂ ಏನೂ ಇಲ್ಲ. ವಯಸ್ಸಾದವರಿಗೆ ಬಿ12 ಕಡಿಮೆಯಾದರೂ ಹೀಗಾಗಬಹುದು, ಥೈರಾಯ್ಡ್ ಏರುಪೇರಾದರೂ ಆಗಬಹುದು. ಎರಡಕ್ಕೂ ಮದ್ದಿದೆ, ಒಂದು ರಕ್ತಪರೀಕ್ಷೆ ಮಾಡಿಸು. ಅಪ್ಪ ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸು. ನಿದ್ದೆ ಮಾತ್ರೆ, ನೆಗಡಿ ಮಾತ್ರೆಯಿಂದಲೂ ಕೆಲವರಿಗೆ ಮಂಕು ಬರುತ್ತದೆ. ಕಿವಿ ಪರೀಕ್ಷೆಯನ್ನು ಇನ್ನು ಮುಂದೂಡಬೇಡ. ಕೇಳಿಸದಿದ್ದರೆ ಮನಸ್ಸು ತಾನೇ ಮಾತು ತುಂಬಿಕೊಳ್ಳುತ್ತೆ ಅಲ್ವಾ? ಹಣ ಸೋಮವಾರ ಹಾಕುತ್ತೇನೆ. ಅದನ್ನು ಉಳಿಸಿಡಬೇಡ, ಖರ್ಚು ಮಾಡು.

ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ಯಾರೂ ಅನ್ನಬೇಡಿ. ನೆನಪಿನ ನಡುವೆ ತೂತು ಬಿದ್ದಾಗ ಸಿಕ್ಕ ಚೂರುಗಳಿಂದ ಮುಚ್ಚಿಕೊಳ್ಳುವುದುಂಟು. ಹೇಳುವವರಿಗೆ ಅದು ನಿಜವೇ. ವಾದ ಮಾಡಬೇಡ. ‘ಹೌದಾ, ಆಮೇಲೆ ಏನಾಯಿತು’ ಅಂತ ಕೇಳು. ನೀನು ಬರೆದ ಆ ದೊಡ್ಡ ಕಾಯಿಲೆ ಹೆಸರನ್ನು ಪದೇ ಪದೇ ಬಾಯಲ್ಲಿ ತರಬೇಡ. ಆ ಹೆಸರಿನ ಡಾಕ್ಟರು ಕೆಲಸ ಮಾಡಿದ್ದು ಇದೇ ಊರಿನಲ್ಲಿ, 1906ರಲ್ಲಿ ಮೊದಲ ಸಲ ಅದರ ಬಗ್ಗೆ… ಅಯ್ಯೋ, ಇದನ್ನು ಯಾಕೆ ಬರೆದೆ. ಈ ಸಾಲು ಓದಬೇಡ. ಅಪ್ಪನಿಗೆ ಅದೆಲ್ಲ ಏನಿಲ್ಲ.

ನಾನು ಚೆನ್ನಾಗಿ ನಿದ್ದೆ ಮಾಡುತ್ತೇನೆ, ಬೆಚ್ಚಗಿದ್ದೇನೆ, ಯಾವ ತೊಂದರೆಯೂ ಇಲ್ಲ. ಏಪ್ರಿಲ್‌ಗೆ ಮೂರು ವಾರ ರಜೆ ಕೇಳಿದ್ದೇನೆ. ಕೊಡುತ್ತಾರೆ. ಕೊಡದಿದ್ದರೂ ಬರುತ್ತೇನೆ. ಇದನ್ನು ಅಪ್ಪನಿಗೆ ಓದಿ ಹೇಳು. ಬೇಡ, ಅವರ ಕೈಗೇ ಕೊಡು.

ಪುಟ್ಟಿ, ಚಿತ್ರದಲ್ಲಿ ಮೂರನೆಯವನು ಎಲ್ಲರನ್ನೂ ಸೋಲಿಸುವ ಆಟ ಇದೆಯಲ್ಲ, ಅದನ್ನು ಅಪ್ಪನ ಜೊತೆ ಆಡು. 16 ಬೆಂಕಿಕಡ್ಡಿಗಳನ್ನು 7, 5, 3, 1ರ ಸಾಲಾಗಿ ಇಡು. ಒಂದು ಸಲಕ್ಕೆ ಒಂದೇ ಸಾಲಿನಿಂದ ಎಷ್ಟು ಬೇಕಾದರೂ ತೆಗೆಯಬಹುದು. ಕೊನೆಯ ಕಡ್ಡಿ ತೆಗೆದವರು ಸೋತರು. ತಪ್ಪದೆ ಆಡಿದರೆ ಎರಡನೆಯವರೇ ಗೆಲ್ಲುವುದು. ನೀನೇ ಮೊದಲು ಶುರು ಮಾಡು. ಅಪ್ಪನ ಲೆಕ್ಕ ಚುರುಕಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸೋತರೂ ಏನಿಲ್ಲ, ನಾನೇ ಮೂರು ಸಲ ಸೋತೆ.

ಮೂಲೆಯ ಡಬ್ಬಿಯಿಂದ ಪತ್ರ ತೆಗೆದುಕೊಂಡು ಹೋಗುವ ಹೊತ್ತಾಯಿತು, ಓಡುತ್ತೇನೆ. ಅಕ್ಕನಿಗೆ, ಚಿಕ್ಕಪ್ಪನಿಗೆ, ಎಲ್ಲರಿಗೂ ಕೇಳಿದೆ ಅಂತ ಹೇಳು.

ನಿನ್ನ
ಚಿನ್ನು

ಮರೆತೆ. ಹೋದ ವರ್ಷ ಬಂದಾಗ ನಾನು ಯಾವ ಬಣ್ಣದ ಬಟ್ಟೆ ಹಾಕಿದ್ದೆ ಅಂತ ಅಪ್ಪನನ್ನು ಕೇಳಿ ಬರೆ.